ಉಡುಪಿನ ಮರೆಯ ಪಿಸ್ತೂಲು: ಅಮೆರಿಕದ ಒಂದು ಪದ್ಧತಿಯ ಇತಿಹಾಸ (1813–2022)

1

ಆಯುಧವನ್ನು ಧರಿಸುವುದು ಒಂದು. ಅದನ್ನು ಮರೆಮಾಡಿ ಧರಿಸುವುದು ಇನ್ನೊಂದು. ಈ ಭೇದವನ್ನು ಅನೇಕ ಸಮಾಜಗಳು ಗುರುತಿಸಿವೆ. ಕೊಡಗಿನ ಸಾಂಪ್ರದಾಯಿಕ ಉಡುಪಿನಲ್ಲಿ ಪೀಚೆಕತ್ತಿಯು ಚೇಲೆಯ ಮುಂಭಾಗದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇರುತ್ತದೆ. ಅದು ಧರಿಸಿದವರ ಮಾನದ ಕುರುಹು. ಆದರೆ ಕತ್ತಿಯನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಸಭೆಗೆ ಬಂದವನನ್ನು ನಮ್ಮ ಜನ ಎಂದೂ ಮಾನವಂತನೆಂದು ಎಣಿಸಿದ್ದಿಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಅಭಿಪ್ರಾಯ ಹೀಗೆಯೇ ಇತ್ತು. ಆದರೆ ಅದೇ ದೇಶದಲ್ಲಿ 2019ರ ವೇಳೆಗೆ ಸುಮಾರು 60 ಲಕ್ಷ ವಯಸ್ಕರು ಗುಂಡು ತುಂಬಿದ ಪಿಸ್ತೂಲನ್ನು ಪ್ರತಿದಿನವೂ ಮೈಮೇಲೆ ಒಯ್ಯುತ್ತಿದ್ದರೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. 2015ರಲ್ಲಿ ಈ ಸಂಖ್ಯೆ ಸುಮಾರು 30 ಲಕ್ಷವಾಗಿತ್ತು. ಬಹಿರಂಗವಾಗಿ ಧರಿಸುವವರೂ ಇವರಲ್ಲಿ ಇಲ್ಲದಿಲ್ಲ. ಆದರೂ ಇಂದು ರೂಢಿಯಲ್ಲಿರುವ ಕ್ರಮವು ಅಂಗಿಯ ಕೆಳಗೆ, ಸೊಂಟಪಟ್ಟಿಗೆ ಒತ್ತಿ, ಕಾಣದಂತೆ ಇಟ್ಟುಕೊಳ್ಳುವುದೇ ಆಗಿದೆ. ಒಂದು ಕಾಲದಲ್ಲಿ ಹೇಡಿತನದ ಲಕ್ಷಣವೆನಿಸಿದ್ದ ನಡವಳಿಕೆ ಗೃಹಸ್ಥನ ದಿನಚರಿಯಾದದ್ದು ಹೇಗೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ರಾಜಕೀಯ ಪಕ್ಷಗಳ, ಸಂಘಗಳ ಮತ್ತು ನ್ಯಾಯಾಲಯಗಳ ಇತಿಹಾಸದಿಂದ ಉತ್ತರ ಕೊಡಲಾಗುತ್ತದೆ. ಆ ಉತ್ತರ ಸರಿಯಾದುದೇ, ಆದರೆ ಪೂರ್ಣವಲ್ಲ. ಹಳೆಯ ಶಾಸನಗಳು ಬರೆಯದೆಯೇ ನಂಬಿಕೊಂಡಿದ್ದ ಒಂದು ಸಂಗತಿಯುಂಟು: ದೊಡ್ಡ ಪಿಸ್ತೂಲನ್ನು ದಿನವಿಡೀ ಸುಖವಾಗಿ ಬಚ್ಚಿಟ್ಟುಕೊಂಡು ತಿರುಗುವುದು ಸಾಧ್ಯವಿಲ್ಲವೆಂಬುದು. ಆ ಅನಾನುಕೂಲತೆಯೇ ಕಾನೂನಿನ ಮೌನ ಕಾವಲುಗಾರನಾಗಿತ್ತು. ಚರ್ಮಕಾರನೂ ಲೋಹಕಾರನೂ ಸೇರಿ ಅದನ್ನು ನಿವಾರಿಸಿದಾಗ, ಯಾವ ಶಾಸನಸಭೆಯೂ ಮತ ಹಾಕದೆಯೇ ಹಳೆಯ ವ್ಯವಸ್ಥೆಯ ಒಂದು ಕಂಬ ಉರುಳಿತು. ಇದನ್ನು ಸಾಧಾರವಾಗಿ ತೋರಿಸುವುದೇ ಈ ಲೇಖನದ ಉದ್ದೇಶ.

ಇಲ್ಲಿ ‘ದೊಡ್ಡ ಪಿಸ್ತೂಲು’ ಎಂದರೆ ಸೈನಿಕನು ಅಥವಾ ಕುದುರೆ ಸವಾರನು ತೆರೆದ ಒರೆಯಲ್ಲಿ ಧರಿಸಲೆಂದು ರಚಿತವಾದದ್ದು. ಸಾಮಾನ್ಯವಾಗಿ ಎಂಟು ಅಂಗುಲ ಅಥವಾ ಅದಕ್ಕೂ ಉದ್ದವಾದದ್ದು. ಕಿಸೆಯಲ್ಲಿ ಹಿಡಿಯುವ ಸಣ್ಣ ಪಿಸ್ತೂಲನ್ನು ಬಚ್ಚಿಡುವುದು ಎಂದಿಗೂ ಕಷ್ಟವಾಗಿರಲಿಲ್ಲ. ಆದುದರಿಂದ ಬದಲಾವಣೆಯನ್ನು ಅಳೆಯಲು ದೊಡ್ಡದರ ಇತಿಹಾಸವೇ ತಕ್ಕ ಅಳತೆಗೋಲು.

2

ಮರೆಯ ಆಯುಧವನ್ನು ನಿಷೇಧಿಸಿದ ಅಮೆರಿಕದ ಮೊದಲ ಶಾಸನಗಳು 1813ರಲ್ಲಿ ಕೆಂಟಕಿ ಮತ್ತು ಲೂಯಿಸಿಯಾನಾ ಸಂಸ್ಥಾನಗಳಲ್ಲಿ ಜಾರಿಗೆ ಬಂದವು. ಕೆಂಟಕಿಯ ಶಾಸನವು ಕಿಸೆ ಪಿಸ್ತೂಲು, ಬಾಕು, ದೊಡ್ಡ ಚಾಕು ಮತ್ತು ಬೆತ್ತದೊಳಗಿನ ಕತ್ತಿ ಇವುಗಳನ್ನು ಮರೆಮಾಡಿ ಧರಿಸಿದವನಿಗೆ 100 ಡಾಲರಿಗೆ ಕಡಿಮೆಯಿಲ್ಲದ ದಂಡವನ್ನು ವಿಧಿಸಿತು. ದೂರ ಪ್ರಯಾಣದಲ್ಲಿರುವವನಿಗೆ ಮಾತ್ರ ವಿನಾಯಿತಿಯಿತ್ತು. ಮುಂದೆ ಇಂಡಿಯಾನಾ (1820), ಜಾರ್ಜಿಯಾ (1837), ಟೆನೆಸ್ಸೀ ಮತ್ತು ವರ್ಜೀನಿಯಾ (1838), ಅಲಬಾಮಾ (1839) ಇದೇ ಹಾದಿಯನ್ನು ತುಳಿದವು. ಇವುಗಳಲ್ಲಿ ಹೆಚ್ಚಿನವು ದಕ್ಷಿಣದ ಸಂಸ್ಥಾನಗಳೆಂಬುದು ಗಮನಾರ್ಹ. ದ್ವಂದ್ವಯುದ್ಧವೂ ಮಾತಿಗೆ ಮಾತು ಬೆಳೆದು ಆಗುವ ಕೊಲೆಯೂ ಅಲ್ಲಿ ವಿಪರೀತವಾಗಿದ್ದವು.

ಈ ಶಾಸನಗಳ ವಿರುದ್ಧ ವ್ಯಾಜ್ಯಗಳು ನಡೆಯದೆ ಇರಲಿಲ್ಲ. ಬೆತ್ತದೊಳಗೆ ಕತ್ತಿಯಿಟ್ಟುಕೊಂಡು ದಂಡಕ್ಕೆ ಗುರಿಯಾಗಿದ್ದ ಬ್ಲಿಸ್ ಎಂಬಾತನ ಮೊಕದ್ದಮೆಯಲ್ಲಿ 1822ರಲ್ಲಿ ಕೆಂಟಕಿಯ ಮೇಲ್ಮನವಿ ನ್ಯಾಯಾಲಯವು ಶಾಸನವನ್ನೇ ರದ್ದುಪಡಿಸಿತು. ಆದರೆ ಆ ಸಂಸ್ಥಾನದ ಜನ ಅದನ್ನು ಕೊನೆಯ ಮಾತೆಂದು ಒಪ್ಪಲಿಲ್ಲ. 1850ರ ತಮ್ಮ ಹೊಸ ಸಂವಿಧಾನದಲ್ಲಿಯೇ ಮರೆಯ ಆಯುಧಗಳನ್ನು ನಿಷೇಧಿಸುವ ಅಧಿಕಾರವನ್ನು ಶಾಸನಸಭೆಗೆ ಕೊಟ್ಟರು. ಬೇರೆಡೆಗಳ ನ್ಯಾಯಾಧೀಶರು ಮಧ್ಯಮಾರ್ಗ ಹಿಡಿದರು. 1840ರಲ್ಲಿ ಅಲಬಾಮಾದ ನ್ಯಾಯಾಲಯವು ರೀಡ್ ಎಂಬ ಷೆರಿಫನ ಮೇಲಿನ ಶಿಕ್ಷೆಯನ್ನೇ ಎತ್ತಿಹಿಡಿಯಿತು. ತನಗೆ ಪ್ರಾಣಭಯವಿತ್ತೆಂದು ಆತ ಹೇಳಿಕೊಂಡರೂ, ರಕ್ಷಣೆಗೆ ಆಯುಧ ಬೇಕಿದ್ದರೆ ಅದನ್ನು ಬಹಿರಂಗವಾಗಿ ಧರಿಸಬಹುದಿತ್ತೆಂಬುದು ತೀರ್ಪಿನ ಸಾರ. ಜಾರ್ಜಿಯಾದ ನ್ಯಾಯಾಲಯವು 1846ರಲ್ಲಿ ನನ್ ಮೊಕದ್ದಮೆಯಲ್ಲಿ ಶಾಸನವನ್ನು ಎರಡಾಗಿ ಸೀಳಿತು: ಮರೆಯ ಧಾರಣೆಯ ನಿಷೇಧ ಸಿಂಧು, ಬಹಿರಂಗ ಧಾರಣೆಯ ನಿಷೇಧ ಅಸಿಂಧು. 1850ರಲ್ಲಿ ಲೂಯಿಸಿಯಾನಾದ ನ್ಯಾಯಾಲಯವೂ ಚಾಂಡ್ಲರ್ ಮೊಕದ್ದಮೆಯಲ್ಲಿ ಇದೇ ಜಾಡಿನಲ್ಲಿ ವಾದಿಸಿತು: ಮರೆಯ ಆಯುಧವು ಗುಪ್ತಾನುಕೂಲವನ್ನು ಕೊಟ್ಟು ಗಂಡಸುತನಕ್ಕೆ ಒಪ್ಪದ ಕೊಲೆಗಳಿಗೆ ಎಡೆಮಾಡುತ್ತದೆ ಎಂದು.

ಈ ತೀರ್ಪುಗಳಿಂದ ಒಂದು ಸಾಮಾಜಿಕ ತತ್ತ್ವ ಹೊರಪಡುತ್ತದೆ. ಆಯುಧವನ್ನು ಕಂಡವನು ಎಚ್ಚರಗೊಳ್ಳುತ್ತಾನೆ. ಮಾತನ್ನು ಅಳೆದು ಆಡುತ್ತಾನೆ. ಬೇಕಿದ್ದರೆ ದೂರ ಸರಿಯುತ್ತಾನೆ. ಕಾಣದ ಆಯುಧವು ಎದುರಿನವನಿಂದ ಈ ಎಚ್ಚರದ ಅವಕಾಶವನ್ನು ಕಸಿದುಕೊಳ್ಳುತ್ತದೆ. ಅಂದಿನ ನ್ಯಾಯಾಧೀಶರ ದೃಷ್ಟಿಯಲ್ಲಿ ಅಪರಾಧವಿದ್ದದ್ದು ಆಯುಧದಲ್ಲಲ್ಲ, ಮರೆಯಲ್ಲಿ.

3

ಈ ತತ್ತ್ವ ನಡೆದುಬಂದದ್ದು ಅಂದಿನ ಪಿಸ್ತೂಲುಗಳ ಆಕಾರದಿಂದ. ಒಂದೆಡೆ ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರನ ಹೆಸರಿನಿಂದ ಪ್ರಸಿದ್ಧವಾದ ಒಂಟಿಗುಂಡಿನ ಕಿಸೆ ಪಿಸ್ತೂಲುಗಳಿದ್ದವು. 1865ರ ಏಪ್ರಿಲ್ 14ರಂದು ಅಧ್ಯಕ್ಷ ಲಿಂಕನ್ನರನ್ನು ಕೊಂದ ಡೆರಿಂಜರ್ ಪಿಸ್ತೂಲಿನ ಉದ್ದ ಸುಮಾರು ಆರು ಅಂಗುಲ ಮಾತ್ರ. ಇನ್ನೊಂದೆಡೆ ಸ್ಯಾಮ್ಯುಯಲ್ ಕೋಲ್ಟನು 1836ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದ ರಿವಾಲ್ವರಿನ ವಂಶವಿತ್ತು. 1847ರ ‘ವಾಕರ್’ ಮಾದರಿಯು ನಾಲ್ಕೂವರೆ ಪೌಂಡು ತೂಗುತ್ತಿತ್ತು. ಅದರ ಸ್ಥಾನ ಮನುಷ್ಯನ ಸೊಂಟವಾಗಿರದೆ ಕುದುರೆಯ ಜೀನಾಗಿತ್ತು. 1851ರ ‘ನೇವಿ’ ಮಾದರಿಯ ತೂಕ ಎರಡೂವರೆ ಪೌಂಡಿಗೂ ಹೆಚ್ಚು, ಉದ್ದ ಸುಮಾರು 13 ಅಂಗುಲ. ಷರಾಯಿಯ ಹಿಂಗಿಸೆಗೆ ಅಮೆರಿಕನರು ‘ಪಿಸ್ತೂಲು ಕಿಸೆ’ ಎಂದೇ ಹೆಸರಿಟ್ಟಿದ್ದರು. ಆ ಕಿಸೆಯಲ್ಲಿ ಮೊದಲನೆಯ ಬಗೆಯದು ಅಡಗುತ್ತಿತ್ತು, ಎರಡನೆಯದು ಅಡಗುತ್ತಿರಲಿಲ್ಲ.

ಅಂತರ್ಯುದ್ಧದ ನಂತರದ ಕೆಲವು ಶಾಸನಗಳು ಈ ವ್ಯತ್ಯಾಸದ ಮೇಲೆಯೇ ನಿಂತಿವೆ. ಟೆನೆಸ್ಸೀ ಸಂಸ್ಥಾನದ 1871ರ ಶಾಸನ ನಮ್ಮ ವಿಷಯಕ್ಕೆ ಅತಿ ಮುಖ್ಯವಾದದ್ದು. ಅದು ಸೊಂಟ ಮತ್ತು ಕಿಸೆ ಪಿಸ್ತೂಲುಗಳನ್ನು ಬಹಿರಂಗವಾಗಿಯಾಗಲಿ ಗುಟ್ಟಾಗಿಯಾಗಲಿ ಒಯ್ಯಕೂಡದೆಂದಿತು. ಸೈನ್ಯದಲ್ಲಿ ಬಳಸುವ ದೊಡ್ಡ ಪಿಸ್ತೂಲನ್ನು ಮಾತ್ರ ಒಯ್ಯಬಹುದಾಗಿತ್ತು. ಅದನ್ನೂ ಒರೆಯಲ್ಲಲ್ಲ, ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದುಕೊಂಡೇ ಒಯ್ಯಬೇಕಾಗಿತ್ತು. ಆರ್ಕನ್ಸಾ ಸಂಸ್ಥಾನವು 1881ರಲ್ಲಿ ಇದೇ ನಿಯಮವನ್ನು ಮಾಡಿ, ಇತರ ಪಿಸ್ತೂಲುಗಳ ಮಾರಾಟವನ್ನೂ ನಿಲ್ಲಿಸಿತು. ಸೈನಿಕ ಯೋಗ್ಯವಾದ ಆಯುಧಕ್ಕೆ ಸಂವಿಧಾನದ ರಕ್ಷಣೆಯುಂಟೆಂದು ನ್ಯಾಯಾಲಯಗಳು ಹೇಳಿದ್ದರಿಂದ ದೊಡ್ಡ ಪಿಸ್ತೂಲನ್ನು ಪೂರ್ತಿ ನಿಷೇಧಿಸುವಂತಿರಲಿಲ್ಲ. ಶಾಸನಕಾರರು ಅದಕ್ಕೊಂದು ಉಪಾಯ ಕಂಡುಕೊಂಡರು. ಎರಡೂವರೆ ಪೌಂಡಿನ ಕಬ್ಬಿಣವನ್ನು ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಹಿಡಿದು ಯಾರು ತಾನೆ ಸಂತೆಗೆ ಹೋದಾರು? ಹಕ್ಕು ಉಳಿಯಿತು, ಸುಖ ಉಳಿಯಲಿಲ್ಲ. ಅನಾನುಕೂಲತೆಯನ್ನೇ ನಿಯಂತ್ರಣದ ಸಾಧನವಾಗಿ ಬಳಸಿದ ಇಷ್ಟು ಸ್ಪಷ್ಟವಾದ ನಿದರ್ಶನ ಬೇರೆಡೆ ವಿರಳ.

ಆದರೆ ಈ ಶಾಸನಗಳನ್ನು ಕೇವಲ ಶಾಂತಿಪ್ರಿಯತೆಯ ಫಲವೆಂದು ಓದಿದರೆ ತಪ್ಪಾದೀತು. 1865ರಲ್ಲಿಯೇ ಮಿಸಿಸಿಪಿ ಸಂಸ್ಥಾನವು ಬಿಡುಗಡೆ ಹೊಂದಿದ ನೀಗ್ರೋ ಜನರು ಲೈಸೆನ್ಸಿಲ್ಲದೆ ಆಯುಧ ಹೊಂದಬಾರದೆಂದು ವಿಧಿಸಿತ್ತು. ಬೆಲೆಬಾಳುವ ಸೈನಿಕ ರಿವಾಲ್ವರುಗಳು ಯುದ್ಧದಿಂದ ಹಿಂದಿರುಗಿದ ಬಿಳಿಯರ ಬಳಿ ಆಗಲೇ ಇದ್ದವೆಂದೂ, ಅಗ್ಗದ ಸಣ್ಣ ಪಿಸ್ತೂಲುಗಳ ನಿಷೇಧದ ಭಾರ ಬಡವರ ಮೇಲೆ, ಅದರಲ್ಲಿಯೂ ಕರಿಯರ ಮೇಲೆ ಬಿದ್ದಿತೆಂದೂ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಒಂದೇ ಕಾನೂನು ಒಬ್ಬನಿಗೆ ರಕ್ಷೆಯೂ ಇನ್ನೊಬ್ಬನಿಗೆ ಸಂಕೋಲೆಯೂ ಆಗಬಹುದೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

ಚಲನಚಿತ್ರಗಳು ತೋರಿಸುವ ಪಶ್ಚಿಮದ ಗಡಿನಾಡಿನಲ್ಲಿಯೂ ಎಲ್ಲರೂ ತೆರೆದ ಒರೆಯಲ್ಲಿ ಪಿಸ್ತೂಲು ತೂಗಿಸಿಕೊಂಡು ಪೇಟೆಯಲ್ಲಿ ತಿರುಗುತ್ತಿದ್ದರೆಂಬುದು ನಿಜವಲ್ಲ. ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣವು 1881ರ ಏಪ್ರಿಲಿನಲ್ಲಿ ಪಟ್ಟಣದೊಳಗೆ ಆಯುಧ ಧರಿಸುವುದನ್ನೇ ನಿಷೇಧಿಸಿತ್ತು. ಅದೇ ವರ್ಷ ಅಕ್ಟೋಬರ್ 26ರಂದು ನಡೆದ ಪ್ರಸಿದ್ಧ ಕಾಳಗದ ಹಿಂದೆ ಈ ನಿಯಮದ ಪಾಲನೆಯ ಪ್ರಶ್ನೆಯೂ ಇತ್ತು. ಆ ದಿನ ಕಾನೂನಿನ ಪಕ್ಷದಲ್ಲಿದ್ದ ವಯಟ್ ಅರ್ಪ್ ತನ್ನ ಪಿಸ್ತೂಲನ್ನು ಮೇಲ್ಗೋಟಿನ ಕಿಸೆಯಲ್ಲಿ ಇಟ್ಟುಕೊಂಡಿದ್ದುದಾಗಿ ವಿಚಾರಣೆಯಲ್ಲಿ ಹೇಳಿದನು. ಡಾಕ್ ಹಾಲಿಡೇ ಜೋಡುನಳಿಗೆಯ ಬಂದೂಕನ್ನು ಉದ್ದನೆಯ ಕೋಟಿನ ಮರೆಯಲ್ಲಿ ಒಯ್ದಿದ್ದನು. ದೊಡ್ಡ ಆಯುಧವನ್ನು ಮರೆಮಾಡಲು ಅಂದು ಇದ್ದ ಸಾಧನ ಇಷ್ಟೇ: ಚಳಿಗಾಲದ ದಪ್ಪ ಕೋಟು. ಅದು ಎಲ್ಲ ದಿನಗಳಿಗೂ ಒದಗುವ ಸಾಧನವಲ್ಲ.

4

1911ನೆಯ ವರ್ಷದಲ್ಲಿ ಎರಡು ಘಟನೆಗಳು ನಡೆದವು. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರಿದರೂ ನಮ್ಮ ವಿಷಯದಲ್ಲಿ ಅವು ಜೋಡಿಯಾಗಿವೆ. ಮಾರ್ಚ್ 29ರಂದು ಅಮೆರಿಕದ ಸೈನ್ಯವು ಜಾನ್ ಮೋಸಸ್ ಬ್ರೌನಿಂಗ್ ರಚಿಸಿದ .45 ಅಂಗುಲ ವ್ಯಾಸದ ಗುಂಡಿನ ಕೋಲ್ಟ್ ಪಿಸ್ತೂಲನ್ನು ಅಂಗೀಕರಿಸಿತು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನವು ಟಿಮೊಥಿ ಸುಲ್ಲಿವನ್ ಎಂಬ ಸೆನೆಟರನ ಹೆಸರಿನ ಶಾಸನವನ್ನು ಮಾಡಿತು. ಮೈಮೇಲೆ ಮರೆಮಾಡಬಲ್ಲ ಯಾವುದೇ ಪಿಸ್ತೂಲಿಗೂ ಲೈಸೆನ್ಸು ಕಡ್ಡಾಯವಾಯಿತು.

ಮೊದಲನೆಯ ಘಟನೆಯ ಮಹತ್ತ್ವ ಪಿಸ್ತೂಲಿನ ಆಕೃತಿಯಲ್ಲಿದೆ. ಅದರ ನಳಿಗೆ ಐದು ಅಂಗುಲ, ಒಟ್ಟು ಉದ್ದ ಸುಮಾರು ಎಂಟೂವರೆ ಅಂಗುಲ, ಬರಿಯ ತೂಕ 39 ಔನ್ಸು. ಯಾವ ಲೆಕ್ಕದಿಂದ ನೋಡಿದರೂ ಅದು ದೊಡ್ಡ ಪಿಸ್ತೂಲೇ. ಆದರೆ ರಿವಾಲ್ವರಿನ ನಡುವೆ ಉಬ್ಬಿಕೊಂಡಿರುವ ತಿರುಗುರುಳೆ ಇದರಲ್ಲಿರಲಿಲ್ಲ. ಏಳು ತೋಟಾಗಳು ಹಿಡಿಯೊಳಗೆ ಒಂದರ ಮೇಲೊಂದಾಗಿ ನಿಲ್ಲುತ್ತಿದ್ದವು. ಹೀಗಾಗಿ ಅದು ಚಪ್ಪಟೆಯಾಗಿತ್ತು, ಮೈಗೆ ಒತ್ತಿಕೊಳ್ಳಬಲ್ಲದಾಗಿತ್ತು. ಬಚ್ಚಿಡಲೆಂದೇ ಬ್ರೌನಿಂಗ್ ರಚಿಸಿದ್ದ ಪಿಸ್ತೂಲು ಬೇರೆ. ಬಟ್ಟೆಗೆ ಸಿಕ್ಕದಂತೆ ಸುತ್ತಿಗೆಯನ್ನು ಒಳಗಡೆ ಅಡಗಿಸಿದ 1903ರ ಕಿಸೆ ಮಾದರಿ ಅದು. 1911ರದು ಕುದುರೆ ಸವಾರನಿಗೆ, ಅಗಲವಾದ ಮುಚ್ಚಳದ ಒರೆಗೆ ಆದದ್ದು. ಅದು ಮುಂದೆ ನಾಗರಿಕನ ಅಂಗಿಯ ಕೆಳಗೆ ಸೇರಿದ್ದು ರಚನಕಾರನ ಉದ್ದೇಶದಿಂದಲ್ಲ, ಆಕೃತಿಯ ಗುಣದಿಂದ.

ಇಲ್ಲಿ ಒಂದು ತಾಂತ್ರಿಕ ಅಂಶವನ್ನು ವಿವರಿಸುವುದು ಅವಶ್ಯ. ದೊಡ್ಡ ಪಿಸ್ತೂಲನ್ನು ಅಡಗಿಸುವಾಗ ತೊಂದರೆ ಕೊಡುವುದು ಉದ್ದವಾದ ನಳಿಗೆಯೆಂದು ಯಾರಾದರೂ ಊಹಿಸಬಹುದು. ವಾಸ್ತವವಾಗಿ ನಳಿಗೆಯು ತೊಡೆಯ ಗುಂಟ ಕೆಳಗಿಳಿದು ಅಡಗುತ್ತದೆ. ತೊಂದರೆ ಕೊಡುವುದು ಹಿಡಿ. ಅದು ಸೊಂಟಪಟ್ಟಿಯ ಮೇಲೆ ಅಡ್ಡವಾಗಿ ಚಾಚಿಕೊಂಡು, ಬಾಗಿದಾಗ ಬಟ್ಟೆಯ ಮೇಲೆ ತನ್ನ ಆಕಾರವನ್ನು ಮೂಡಿಸಿಬಿಡುತ್ತದೆ. ಇದರೊಡನೆ ತೂಕವೆಲ್ಲ ಒಂದೇ ಎಡೆ ಜಗ್ಗಿ, ಸಂಜೆಯ ಹೊತ್ತಿಗೆ ಸೊಂಟ ನೋಯುತ್ತದೆ. ಕುಳಿತಾಗ ಲೋಹವು ಪಕ್ಕೆಗೆ ಚುಚ್ಚುತ್ತದೆ; ಬೆವರು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಇಪ್ಪತ್ತನೆಯ ಶತಮಾನದ ಒರೆಗಾರರು ಒಂದೊಂದಾಗಿ ಬಿಡಿಸಿದ್ದು ಈ ತೊಡಕುಗಳನ್ನೇ.

ಮೊದಲ ಹೆಜ್ಜೆಯಿಟ್ಟವರು ಪೊಲೀಸರಿಗಾಗಿ ದುಡಿದ ಚರ್ಮಕಾರರು. ಟೆಕ್ಸಾಸಿನ ಎಲ್ ಪಾಸೋ ನಗರದಲ್ಲಿ 1920ರ ದಶಕದಲ್ಲಿ ಟಾಮ್ ತ್ರೀಪರ್ಸನ್ಸ್ ಎಂಬ ಪೊಲೀಸ್ ಅಧಿಕಾರಿಯ ಹೆಸರಿನಿಂದ ಒಂದು ಒರೆ ಪ್ರಸಿದ್ಧಿಗೆ ಬಂದಿತು. ಅದನ್ನು ತಯಾರಿಸಿದವನು ಎಸ್. ಡಿ. ಮೈರ್ಸ್ ಎಂಬ ಜೀನುಗಾರ. ಹಳೆಯ ಒರೆಯ ಅನಾವಶ್ಯಕ ಚರ್ಮವನ್ನೆಲ್ಲ ಕತ್ತರಿಸಿ, ಸೊಂಟಪಟ್ಟಿಗೆ ಹತ್ತಿರವಾಗಿ, ಹಿಡಿ ಮುಂದಕ್ಕೆ ವಾಲುವಂತೆ ಅದನ್ನು ಹೊಲಿಯಲಾಗಿತ್ತು. ಕುದುರೆಯಿಂದ ಇಳಿದು ಮೋಟಾರು ಹತ್ತಿದ ಪೊಲೀಸರಿಗೆ ಅದು ಒಪ್ಪಿತು. 1934ರಲ್ಲಿ ಕೇಂದ್ರ ಅಪರಾಧ ಶೋಧಕ ಇಲಾಖೆಯ ಅಧಿಕಾರಿಗಳಿಗೆ ಆಯುಧ ಧರಿಸುವ ಅಧಿಕಾರವನ್ನು ಶಾಸನವೇ ಕೊಟ್ಟ ಮೇಲೆ, ಸೂಟು ಧರಿಸಿದ ಅಧಿಕಾರಿಯ ಕೋಟಿನೊಳಗಿನ ಪಿಸ್ತೂಲು ಪರಿಚಿತ ದೃಶ್ಯವಾಯಿತು.

ಆದರೆ ಕೋಟಿನ ಕಾಲವೇ ಮುಗಿಯುತ್ತ ಬಂದಿತು. 1960ರ ದಶಕದ ನಂತರ ಅಮೆರಿಕದ ಗಂಡಸರು ದಿನನಿತ್ಯ ಕೋಟು ತೊಡುವುದು ಕಡಿಮೆಯಾಯಿತು. ಮರೆಗೆ ಬರಿಯ ಅಂಗಿ ಉಳಿಯಿತು. ಆಗ ಒರೆಯು ಷರಾಯಿಯ ಒಳಗೇ ಇಳಿಯಿತು. 1970ರ ದಶಕದಲ್ಲಿ ಬ್ರೂಸ್ ನೆಲ್ಸನ್ ವಿನ್ಯಾಸಗೊಳಿಸಿ, ಐಡಾಹೋ ಸಂಸ್ಥಾನದ ಮಿಲ್ಟ್ ಸ್ಪಾರ್ಕ್ಸ್ ತಯಾರಿಸಿದ ‘ಸಮ್ಮರ್ ಸ್ಪೆಷಲ್’ ಎಂಬ ಒರೆಯ ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ: ಅದು ಕೋಟಿಲ್ಲದ ಬೇಸಿಗೆಯ ದಿನಗಳಿಗಾದದ್ದು. ಅದರ ಬಾಯಿಗೆ ಬಲ ಕೊಟ್ಟಿದ್ದರಿಂದ ಪಿಸ್ತೂಲನ್ನು ಹೊರತೆಗೆದಾಗಲೂ ಒರೆ ಮುಚ್ಚಿಕೊಳ್ಳುತ್ತಿರಲಿಲ್ಲ. ಟ್ರಿಗರನ್ನು ಪೂರ್ಣವಾಗಿ ಮುಚ್ಚುವ ಒರೆ, ಒಂದೂವರೆ ಅಂಗುಲ ಅಗಲದ ಗಡುಸಾದ ಸೊಂಟಪಟ್ಟಿ, ಸೊಂಟದಲ್ಲಿ ಕೊಂಚ ಸಡಿಲವಾದ ಷರಾಯಿ, ಬಲ ಪಕ್ಕೆಯ ಹಿಂದೆ ಮುಂದಕ್ಕೆ ವಾಲಿದ ಹಿಡಿ, ಇವೆಲ್ಲ ಸೇರಿದಾಗ 39 ಔನ್ಸಿನ ಭಾರವು ಸೊಂಟದ ಸುತ್ತಲೂ ಹಂಚಿಹೋಯಿತು. 1976ರಲ್ಲಿ ಜೆಫ್ ಕೂಪರ್ ಅರಿಜೋನಾದಲ್ಲಿ ಸ್ಥಾಪಿಸಿದ ಶಿಕ್ಷಣಶಾಲೆಯು ದೊಡ್ಡ .45 ಪಿಸ್ತೂಲೇ ಶ್ರೇಷ್ಠವೆಂದು ನಾಗರಿಕರಿಗೂ ಬೋಧಿಸಿತು.

ಕೊನೆಯ ಹೆಜ್ಜೆ ಆಸ್ಟ್ರಿಯಾದಿಂದ ಬಂದಿತು. 1982ರಲ್ಲಿ ಆ ದೇಶದ ಸೈನ್ಯವು ಅಂಗೀಕರಿಸಿದ ಗ್ಲಾಕ್ 17 ಪಿಸ್ತೂಲಿನ ಚೌಕಟ್ಟು ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಸೈನ್ಯದ ಪೂರ್ಣ ಗಾತ್ರದ ಆಯುಧವಾದರೂ ಅದರ ಬರಿಯ ತೂಕ ಸುಮಾರು 22 ಔನ್ಸು ಮಾತ್ರ. ಹಿಡಿಯುವ ತೋಟಾಗಳು ಹದಿನೇಳು. ಒರೆಗಳೂ ಕ್ರಮೇಣ ಬೆವರಿಗೆ ಮೆತ್ತಗಾಗದ ಪ್ಲಾಸ್ಟಿಕ್ ಹಾಳೆಯಿಂದ ಆಗತೊಡಗಿದವು. ನೇವಿ ರಿವಾಲ್ವರಿನ ಅರ್ಧದಷ್ಟು ತೂಕದಲ್ಲಿ ಅದರ ಸುಮಾರು ಮೂರರಷ್ಟು ಗುಂಡುಗಳು ಅಂಗಿಯ ಕೆಳಗೆ ಅಡಗಿದವು. ಟೆನೆಸ್ಸೀಯ ಶಾಸನಕಾರರು ನಂಬಿದ್ದ ಕಾವಲುಗಾರ ಹೀಗೆ ನಿರ್ಗಮಿಸಿದನು.

5

ಇನ್ನು ಕಾನೂನಿನ ತಿರುವು. 1930ರ ದಶಕದಲ್ಲಿ ಮರೆಯ ಪಿಸ್ತೂಲಿಗೆ ಬಂದೂಕುದಾರರ ಸಂಘಗಳಿಂದಲೂ ವಿಶೇಷ ಬೆಂಬಲವಿರಲಿಲ್ಲ. ರಾಷ್ಟ್ರೀಯ ರೈಫಲ್ ಸಂಘದ ಅಧ್ಯಕ್ಷರಾಗಿದ್ದ ಕಾರ್ಲ್ ಫ್ರೆಡರಿಕ್ 1934ರಲ್ಲಿ ಕಾಂಗ್ರೆಸ್ಸಿನ ಸಮಿತಿಯ ಮುಂದೆ, ಎಲ್ಲರೂ ಪಿಸ್ತೂಲು ಹೊತ್ತು ತಿರುಗುವುದು ತಮಗೆ ಸಮ್ಮತವಲ್ಲವೆಂದೂ ಅದಕ್ಕೆ ಲೈಸೆನ್ಸಿನ ಕಟ್ಟುನಿಟ್ಟು ಇರಬೇಕೆಂದೂ ಸಾಕ್ಷ್ಯ ನುಡಿದಿದ್ದರು. ಆದರೆ ಲೈಸೆನ್ಸು ಕೊಡುವ ಅಧಿಕಾರಿಯ ವಿವೇಚನೆ ಯಾರ ಪರವಾಗಿ ನಡೆಯುತ್ತಿತ್ತೆಂಬುದು ಬೇರೆ ಪ್ರಶ್ನೆ. 1956ರ ಜನವರಿ 30ರಂದು ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗರ ಮನೆಯ ಮೇಲೆ ಬಾಂಬು ಬಿದ್ದಿತು. ಅನಂತರ ಅವರು ಪಿಸ್ತೂಲು ಒಯ್ಯುವ ಅನುಮತಿಗೆ ಅರ್ಜಿ ಸಲ್ಲಿಸಿದರು. ಸ್ಥಳೀಯ ಅಧಿಕಾರಿಗಳು ನಿರಾಕರಿಸಿದರು. ಪ್ರಾಣಭಯಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಇನ್ನೇನು ಬೇಕಿತ್ತು? ಕಿಂಗರು ಮುಂದೆ ಆಯುಧವನ್ನೇ ತೊರೆದು ಅಹಿಂಸೆಯ ಮಾರ್ಗದಲ್ಲಿ ನಡೆದರೆಂಬುದು ಅವರ ಹಿರಿಮೆ. ಆ ನಿರಾಕರಣೆ ನ್ಯಾಯವಾಗಿತ್ತೆಂಬುದಕ್ಕೆ ಅದು ಸಾಕ್ಷಿಯಲ್ಲ.

ಅರ್ಹತೆಯುಳ್ಳವನಿಗೆ ಅಧಿಕಾರಿಯು ಲೈಸೆನ್ಸನ್ನು ಕೊಡಲೇಬೇಕೆಂಬ ನಿಯಮವು ವಾಷಿಂಗ್ಟನ್ ಸಂಸ್ಥಾನದಲ್ಲಿ 1961ರಲ್ಲಿ, ಜಾರ್ಜಿಯಾದಲ್ಲಿ 1976ರಲ್ಲಿ ಬಂದಿತು. 1987ರ ಫ್ಲಾರಿಡಾ ಶಾಸನದ ನಂತರ ಅದು ಅಲೆಯಂತೆ ಹಬ್ಬಿತು. ನಗರಗಳಲ್ಲಿ ಅಪರಾಧದ ಭಯ, 1977ರಲ್ಲಿ ರೈಫಲ್ ಸಂಘದ ನಾಯಕತ್ವದಲ್ಲಾದ ಪಲ್ಲಟ, ಗ್ರಾಮೀಣ ಮತದಾರರ ಬಲ, ಇವೆಲ್ಲ ಅದಕ್ಕೆ ಕಾರಣಗಳು. 1871ರಿಂದ ಪಿಸ್ತೂಲು ಧಾರಣೆಯನ್ನು ನಿರ್ಬಂಧಿಸಿದ್ದ ಟೆಕ್ಸಾಸ್ 1995ರಲ್ಲಿ ಬಾಗಿಲು ತೆರೆಯಿತು. ತೆರೆದದ್ದು ಬಹಿರಂಗ ಧಾರಣೆಗಲ್ಲ, ಮರೆಯ ಧಾರಣೆಗೆ ಎಂಬುದು ಗಮನಿಸಬೇಕಾದ ಮಾತು. ಹಿಂದೆ ಅಪರಾಧವಾಗಿದ್ದ ಮರೆಯೇ ಈಗ ಸಭ್ಯತೆಯ ಷರತ್ತಾಯಿತು. ಆಯುಧವನ್ನು ಕಂಡು ಜನ ಬೆದರಬಾರದು, ಆದುದರಿಂದ ಅದು ಕಾಣದಿರಲಿ ಎಂಬ ಈ ಹೊಸ ವಾದವು, ಆಯುಧವನ್ನು ಎಂಟು ಗಂಟೆ ಕಾಲ ಕಾಣದಂತೆ, ನೋವಿಲ್ಲದೆ ಇಟ್ಟುಕೊಳ್ಳಬಹುದಾದ ಕಾಲದಲ್ಲಿ ಮಾತ್ರ ಸಾಧ್ಯ. 2013ರಲ್ಲಿ ಇಲಿನಾಯ್ ಸಂಸ್ಥಾನವೂ ಸೇರಿದ ಮೇಲೆ ಮರೆಯ ಧಾರಣೆಗೆ ಯಾವ ಅವಕಾಶವೂ ಇಲ್ಲದ ಸಂಸ್ಥಾನ ಉಳಿಯಲಿಲ್ಲ. 2024ರ ವೇಳೆಗೆ 29 ಸಂಸ್ಥಾನಗಳು ಲೈಸೆನ್ಸಿನ ಅಗತ್ಯವನ್ನೂ ತೆಗೆದುಹಾಕಿದ್ದವು.

2022ರ ಜೂನ್ 23ರಂದು ಸರ್ವೋಚ್ಚ ನ್ಯಾಯಾಲಯವು ಬ್ರೂಯನ್ ಮೊಕದ್ದಮೆಯಲ್ಲಿ ಸುಲ್ಲಿವನ್ ಶಾಸನದ ಪರಂಪರೆಗೆ ಸೇರಿದ ನ್ಯೂಯಾರ್ಕಿನ ನಿಯಮವನ್ನು ರದ್ದುಪಡಿಸಿತು. ಮರೆಯ ಧಾರಣೆಗೆ ವಿಶೇಷ ಕಾರಣ ತೋರಿಸಬೇಕೆಂಬುದು ಆ ನಿಯಮ. ಆಯುಧ ನಿಯಂತ್ರಣದ ಶಾಸನವು ದೇಶದ ಐತಿಹಾಸಿಕ ಸಂಪ್ರದಾಯಕ್ಕೆ ಹೊಂದಬೇಕೆಂದು ನ್ಯಾಯಾಲಯ ಹೇಳಿತು. 2024ರ ರಹೀಮಿ ತೀರ್ಪು, ಹಳೆಯದರ ಪಡಿಯಚ್ಚೇ ಬೇಕೆಂದಿಲ್ಲ, ತತ್ತ್ವ ಹೊಂದಿದರೆ ಸಾಕೆಂದು ಇದನ್ನು ಕೊಂಚ ಸಡಿಲಿಸಿತು. ಅಂತೂ 1813ರ ಶಾಸನವೂ 1840ರ ತೀರ್ಪೂ ಇಂದು ಅಲ್ಲಿ ಬರಿಯ ಪುರಾತನ ಸಂಗತಿಗಳಲ್ಲ, ಜೀವಂತ ಪ್ರಮಾಣಗಳು.

6

ಇಲ್ಲಿಯೇ ಇತಿಹಾಸಕಾರನ ಹೊಣೆ ಆರಂಭವಾಗುತ್ತದೆ. ಹಳೆಯ ಶಾಸನದ ಪದಗಳನ್ನು ಮಾತ್ರ ಓದುವವನಿಗೆ ಅಂದಿನ ಜನ ಬಹಿರಂಗ ಧಾರಣೆಯನ್ನು ಒಪ್ಪಿದ್ದರೆಂದು ಕಾಣುತ್ತದೆ. ಪದಗಳ ಹಿಂದಿನ ವಸ್ತುವನ್ನೂ ತೂಗಿ ನೋಡುವವನಿಗೆ, ಆ ಒಪ್ಪಿಗೆಯು 13 ಅಂಗುಲದ, ಎರಡೂವರೆ ಪೌಂಡು ಮೀರಿದ, ಅಡಗಿಸಲು ಬಾರದ ಆಯುಧವನ್ನು ಕುರಿತದ್ದೆಂಬುದು ಕಾಣುತ್ತದೆ. ಇದೇ ಓದು ಇನ್ನೊಂದು ಕಡೆಗೂ ಕೊಯ್ಯುತ್ತದೆ: ಹಳೆಯ ನಿಷೇಧಗಳನ್ನು ಹೊಗಳುವವನು ಅವು ಯಾರ ಕೈಯನ್ನು ಕಟ್ಟಿದವೆಂಬುದನ್ನೂ ಹೇಳಬೇಕಾಗುತ್ತದೆ.

ಫಲಾಫಲಗಳ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಮರೆಯ ಧಾರಣೆಯಿಂದ ಅಪರಾಧ ತಗ್ಗಿತೆಂದು ಜಾನ್ ಲಾಟ್ ಮತ್ತು ಡೇವಿಡ್ ಮಸ್ಟರ್ಡ್ 1997ರಲ್ಲಿ ವಾದಿಸಿದರು. ಲಭ್ಯ ಆಧಾರಗಳಿಂದ ಹಾಗೂ ಹೇಳಲಾಗದು, ಹೀಗೂ ಹೇಳಲಾಗದು ಎಂದು ರಾಷ್ಟ್ರೀಯ ಸಂಶೋಧನ ಮಂಡಲಿ 2004ರಲ್ಲಿ ತೀರ್ಮಾನಿಸಿತು. ಹಿಂಸಾಪರಾಧಗಳು ಹೆಚ್ಚಿದವೆಂದು ಜಾನ್ ಡೊನೊಹ್ಯೂ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ವಿವಾದಕ್ಕೆ ಎಡೆಯಿಲ್ಲದ ಒಂದು ಸಂಖ್ಯೆ ಮಾತ್ರ ಮುಂದಿದೆ: 2021ರಲ್ಲಿ ಆ ದೇಶದಲ್ಲಿ 48,830 ಮಂದಿ ಗುಂಡಿನಿಂದ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಸತ್ತವರು.

1840ರ ನ್ಯಾಯಾಧೀಶರು ಎತ್ತಿದ್ದ ಪ್ರಶ್ನೆ ಇನ್ನೂ ಉತ್ತರ ಪಡೆದಿಲ್ಲ. ಎದುರಿನವನ ಕೈಯಲ್ಲಿ ಏನಿದೆಯೆಂದು ತಿಳಿಯದ ಬೀದಿಯಲ್ಲಿ ನಾಗರಿಕರ ಪರಸ್ಪರ ವಿಶ್ವಾಸ ಯಾವುದರ ಮೇಲೆ ನಿಲ್ಲಬೇಕು? ಅವರ ಕಾಲದಲ್ಲಿ ಆಯುಧದ ಗಾತ್ರವೇ ಅರ್ಧ ಉತ್ತರವನ್ನು ಕೊಡುತ್ತಿತ್ತು. ಆ ಅರ್ಧವನ್ನು ಒರೆಗಾರನ ಕೌಶಲ ಅಳಿಸಿಹಾಕಿದೆ. ಉಳಿದ ಅರ್ಧವನ್ನು ಮನುಷ್ಯರೇ ಮಾಡುವ ಕಾನೂನು ಮತ್ತು ಮನುಷ್ಯರೇ ಪಾಲಿಸುವ ಸಂಯಮ ಕೊಡಬೇಕಾಗಿದೆ.